ಅತ್ತೆಮನೆಯ ನೆಗೆಟಿವ್ ಮಾರ್ಕಿಂಗ್

ನೀಟ್ ಪರೀಕ್ಷೆಯನ್ನು ಪೂರ್ತಿಯಾಗಿ ಅರ್ಥ ಮಾಡಿಕೊಂಡವರು ಇಡೀ ಜಗಳೂರಿಗೆ ಒಬ್ಬರೇ, ಅವರೂ ಏಳನೇ ಕ್ಲಾಸ್ ಫೇಲು ಎಂದರೆ ನಂಬುತ್ತೀರಾ? ನಂಬಿ! ಅವಳು ನನ್ನ ವಾರಗಿತ್ತಿ. ಅತ್ತೆ ಬದುಕಿದ್ದಷ್ಟು ದಿನವೂ ಬಾಯಿ ಬಿಡದ ಇವಳನ್ನು ನಾವೆಲ್ಲ ಪೆದ್ದಿ ಎಂದೇ ತಿಳಿದಿದ್ದೆವು. ಕಾನ್ವೆಂಟ್‌ನವಳಾದ ನಾನೋ, ಇಂಗ್ಲಿಷ್‌ನಲ್ಲಿ ಎದುರುತ್ತರ ಕೊಟ್ಟು ದಿನಾ ಬೈಸಿಕೊಳ್ಳುತ್ತಿದ್ದೆ.

ಅವಳ ಮೊಮ್ಮಗಳಿಗೆ ಡಾಕ್ಟರ್ ಆಗುವ ಆಸೆ. ಹೋದ ವರ್ಷ ಗೊತ್ತಿಲ್ಲದ್ದಕ್ಕೆಲ್ಲ ಗೆಸ್ ಮಾಡಿ ಸೀಟು ಕಳೆದುಕೊಂಡಿದ್ದಳು. ಇದೇ ಕೊನೇ ಸಲ ಎಂದು ಅವಳಪ್ಪ ಹೇಳಿಬಿಟ್ಟಿದ್ದ. ನಾನು ಕನ್ನಡಕ ಏರಿಸಿ, "ನೆಗೆಟಿವ್ ಮಾರ್ಕಿಂಗ್ ಮೀನ್ಸ್..." ಎಂದು ಒಂದು ಗಂಟೆ ಲೆಕ್ಚರ್ ಕೊಟ್ಟೆ. ಹುಡುಗಿ ಆಕಳಿಸಿದಳು. ಶೇಂಗಾ ಸುಲಿಯುತ್ತಿದ್ದ ವಾರಗಿತ್ತಿ ತಲೆ ಎತ್ತಿದಳು.

"ನೋಡವ್ವಾ, ಸಿಇಟಿ ತವರುಮನೆ ಇದ್ದಂಗೆ. ತಪ್ಪು ಮಾತಾಡಿದ್ರೂ ಯಾರೂ ಕಳೆಯಲ್ಲ. ಒಂದೂ ಬಿಡಬ್ಯಾಡ. ನೀಟು ಅತ್ತೆಮನೆ! ಸರಿಯಾಗಿ ಮಾತಾಡಿದ್ರೆ ನಾಕು. ಗೊತ್ತಿಲ್ದೆ ಬಾಯಿ ಬಿಟ್ಟಿಯೋ, ಇದ್ದುದ್ರಾಗೆ ಒಂದು ಹೋತು. ಸುಮ್ನಿದ್ರೆ ಸೊನ್ನೆ. ಆ ಸೊನ್ನೆಗೂ ಮರ್ಯಾದೆ ಐತೆ."

ಮೈ ಗಾಡ್! ಯಾವ ಕೋಚಿಂಗ್ ಸೆಂಟರ್‌ನವರು ಹೀಗೆ ಹೇಳಿಕೊಡುತ್ತಾರೆ ಹೇಳಿ?

ಅಂದಿನಿಂದ ಮನೆಯೇ ಎಕ್ಸಾಮ್ ಹಾಲ್. ಹುಡುಗಿ ಓಎಂಆರ್ ಉತ್ತರದ ಹಾಳೆಯ ಸೊನ್ನೆ ತುಂಬಿಸುವಾಗ ವಾರಗಿತ್ತಿಯ ಅಪ್ಪಣೆ, "ಕುಂಕುಮ ಇಟ್ಟಂಗೆ ಇಡು, ಗೆರೆ ದಾಟಬ್ಯಾಡ!" ಊಟಕ್ಕೆ ಕೂತ ಅವಳ ಗಂಡ, ನನ್ನ ಮೈದುನ, ರುಚಿ ನೋಡದೆಯೇ, "ಸಾರಿಗೆ ಉಪ್ಪಿಲ್ಲ" ಎಂದ.

"ಐತೆ! ಮೈನಸ್ ಒಂದು!" ಎಂದಳು ಇವಳು.

ಪಾಪ, ಸಂಜೆಯಷ್ಟರಲ್ಲಿ ಅವನು ಮೈನಸ್ ಏಳಕ್ಕೆ ಇಳಿದಿದ್ದ.

ಪರೀಕ್ಷೆಗೆ ದಾವಣಗೆರೆಗೆ ಹೋದೆವು. ಓಲೆ ಹಾಕಿಕೊಂಡು ಒಳಗೆ ಹೋಗುವಂತಿಲ್ಲ. ಮೊಮ್ಮಗಳು ತನ್ನದನ್ನು ಬಿಚ್ಚಿದಳು. ವಾರಗಿತ್ತಿಯೂ ತನ್ನದನ್ನು ಬಿಚ್ಚಿ ಎಲ್ಲವನ್ನೂ ಸೆರಗಿಗೆ ಗಂಟು ಹಾಕಿಕೊಂಡಳು!

"ನೀನ್ಯಾಕೇ?"

"ಅವಳು ಒಬ್ಬಾಕಿನೇ ಯಾಕೆ ಬೋಳು ಕಿವೀಲಿ ಕೂರಬೇಕಕ್ಕಾ?"

ಸಂಜೆ ಹುಡುಗಿ ಗೇಟಿನಿಂದ ಓಡಿಬಂದಳು. "ಅಜ್ಜೀ, ಗೊತ್ತಿಲ್ದಿದ್ದು ಹನ್ನೆರಡೂ ಬಿಟ್ಟೆ! ಕೈ ತುರಿಸ್ತಿತ್ತು, ಆದ್ರೂ ಬಿಟ್ಟೆ!"

"ಭೇಷ್, ನನ್ನವ್ವಾ!" ಎಂದು ವಾರಗಿತ್ತಿ ನೆಟಿಗೆ ಮುರಿದಳು. ಹುಡುಗಿ ನೀರು ಕುಡಿಯಲು ಹೋದಾಗ ಇವಳು ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು:

"ಅಕ್ಕಾ, ನಾನು ಅತ್ತೆ ಮುಂದೆ ಉತ್ತರ ಹೇಳ್ದೆ ಬಿಟ್ಟಿದ್ದೆಲ್ಲ... ಗೊತ್ತಿದ್ದವೇ ಕಣಕ್ಕಾ."

ಸೆರಗಿನ ಗಂಟು ಬಿಚ್ಚಿ, ಅವಳ ಓಲೆಗಳನ್ನು ಒಂದೊಂದಾಗಿ ಅವಳ ಕಿವಿಗೆ ನಾನೇ ಹಾಕಿದೆ.