ರಯ್ಯಾನ್‌ನಲ್ಲಿ ಇನ್ನೊಬ್ಬ ದೊರೆಸ್ವಾಮಿ

2024ರ ನವೆಂಬರ್ 17, ಭಾನುವಾರ, ಬೆಳಿಗ್ಗೆ 8 ಗಂಟೆ 17 ನಿಮಿಷಕ್ಕೆ ದೊರೆಸ್ವಾಮಿಗೆ ಕತಾರಿನಲ್ಲಿ ತಾನಲ್ಲದೆ ಇನ್ನೊಬ್ಬ ದೊರೆಸ್ವಾಮಿ ಇದ್ದಾನೆಂಬುದು ಗೊತ್ತಾಯಿತು.

ಕಾರಣ ಬಹಳ ಸಣ್ಣದು. ವೆಸ್ಟ್ ಬೇಯ ಅವನ ಕಚೇರಿಯಲ್ಲಿ ಅಂದು ಒಂದು ಸುತ್ತೋಲೆ ಬಂದಿತ್ತು. ಎಲ್ಲ ನೌಕರರೂ ತಮ್ಮ ಸೋಶಿಯಲ್ ಮೀಡಿಯಾ ಅಕೌಂಟ್ ಯಾವ ಯಾವ ಡಿವೈಸ್‌ಗಳಲ್ಲಿ ತೆರೆದುಕೊಂಡಿದೆ ಎಂದು ನೋಡಬೇಕು, ಗುರುತಿಲ್ಲದ್ದನ್ನು ಹೊರಹಾಕಬೇಕು, ಮಧ್ಯಾಹ್ನ ಎರಡು ಗಂಟೆಯೊಳಗೆ ಸ್ಕ್ರೀನ್‌ಶಾಟ್ ಕಳಿಸಬೇಕು. ಬೇರೆಯವರು ಇಂಥ ಸುತ್ತೋಲೆಯನ್ನು ಸೊಳ್ಳೆ ಓಡಿಸಿದ ಹಾಗೆ ಓಡಿಸುತ್ತಾರೆ. ದೊರೆಸ್ವಾಮಿ ಆ ಜಾತಿಯವನಲ್ಲ. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿದವನು. ದೊಡ್ಡ ಕಟ್ಟಡಗಳಲ್ಲಿರುವ ಥರ್ಮಾಮೀಟರುಗಳು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ಪರೀಕ್ಷಿಸುವುದು ಹನ್ನೊಂದು ವರ್ಷದಿಂದ ಅವನ ಉದ್ಯೋಗ. ಜೇಬಿನಲ್ಲಿ ಸದಾ ಒಂದು ಪುಟ್ಟ ನೋಟ್‌ಬುಕ್ಕು. ಅಲ್ ವುಕೈರಿನ ಮನೆ ಹಿಡಿದ ದಿನ ಹೆಂಡತಿ ಚೂಡಾಮಣಿ ಹಾಲುಕ್ಕಿಸೋಣ ಬನ್ನಿ ಎಂದು ಕರೆಯುತ್ತಿದ್ದರೆ ಇವನು ಸೋಫಾದಿಂದ ಅಡುಗೆಮನೆ ಬಾಗಿಲಿಗೆ ಎಷ್ಟು ದೂರ ಎಂದು ಅಳೆದು ಬರೆದುಕೊಳ್ಳುತ್ತಿದ್ದ. ತಲೆ ಎತ್ತುವ ಹೊತ್ತಿಗೆ ಹಾಲು ಉಕ್ಕಿ, ಹರಿದು, ಒಲೆಯೂ ಆರಿತ್ತು.

ಅಕೌಂಟನ್ನು ಅವನು ತೆರೆಯುತ್ತಿದ್ದುದು ವರ್ಷಕ್ಕೆ ಎರಡು ಸಲ, ಅದೂ ಕಚೇರಿಯ ಕಂಪ್ಯೂಟರಿನಲ್ಲಿ: ಯುಗಾದಿಗೆ ಒಮ್ಮೆ, ತನ್ನ ಹುಟ್ಟುಹಬ್ಬಕ್ಕೆ ಒಮ್ಮೆ. ಆಗಲೂ ಮೆಸೇಜುಗಳ ಕಡೆ ಹೋದವನಲ್ಲ. ಆದ್ದರಿಂದ ಪಟ್ಟಿಯಲ್ಲಿ ಒಂದೇ ಸಾಲು ಇರಬೇಕಿತ್ತು. ಎರಡಿದ್ದವು. ಮೊದಲನೆಯದು ಈ ಕಂಪ್ಯೂಟರು. ಎರಡನೆಯದು: ‘ಟ್ಯಾಬ್ಲೆಟ್. ಅಲ್ ರಯ್ಯಾನ್, ಕತಾರ್. ಈಗ ಚಾಲ್ತಿಯಲ್ಲಿದೆ.’

ಪಕ್ಕದಲ್ಲಿ ಒಂದು ಹಸಿರು ಚುಕ್ಕೆ, ಕತ್ತಲೆಯ ಅಟ್ಟದಲ್ಲಿ ಬೆಕ್ಕಿನ ಕಣ್ಣಿನಂತೆ. ಅವನು ನೋಡುತ್ತಿರುವುದು ತಿಳಿಯಿತೋ ಎಂಬಂತೆ ಅದು ಆರಿಹೋಯಿತು.

“ಎಂತ ಸಾರ್, ಮುಖ ಸೀದುಹೋದ ಬನ್ಸ್ ಹಾಗೆ ಆಗಿದೆ?” ಪಕ್ಕದ ಮೇಜಿನ ಶಿಹಾಬ್ ಕೇಳಿದ. ಬಂಟ್ವಾಳದ ಹುಡುಗ, ಕಚೇರಿಯ ಯಾವ ಫೋನು ಕೆಟ್ಟರೂ ಅವನ ಹತ್ತಿರವೇ ಬರುವುದು.

ದೊರೆಸ್ವಾಮಿ ತೆರೆ ತೋರಿಸಿದ. “ನಮಗೆ ರಯ್ಯಾನಲ್ಲಿ ಯಾರೂ ಇಲ್ಲ ಶಿಹಾಬ್. ಮನೆ ವುಕೈರಲ್ಲಿ. ನಮ್ಮನೆಯವಳ ಸ್ಕೂಲು ಅಲ್ ವಕ್ರಾದಲ್ಲಿ.”

“ಯಾವಾಗಿಂದ ಒಳಗೆ ಕೂತಿದ್ದಾನೆ ಅಂತ ನೋಡಿ.”

ಹದಿನಾಲ್ಕು ತಿಂಗಳಿಂದ ಕೂತಿದ್ದ. ಎಚ್ಚರಿಕೆಯ ಮೇಲ್ ಅಂದೇ ಬಂದಿತ್ತು. ಅನಗತ್ಯ ಮೇಲ್‌ಗಳೆಲ್ಲ ತಾವಾಗಿಯೇ ಹೋಗಿ ಬೀಳಲೆಂದು ದೊರೆಸ್ವಾಮಿ ‘ಆಮೇಲೆ’ ಎಂಬ ಹೆಸರಿನ ಒಂದು ಕಡತ ಮಾಡಿಟ್ಟಿದ್ದ. ಅದರಲ್ಲಿ ಭದ್ರವಾಗಿತ್ತು.

“ಮೆಸೇಜ್ ತೆಗೀರಿ ಸಾರ್. ಒಳಗೆ ಹೊಕ್ಕವ ಸುಮ್ಮನೆ ಕೂತುಕೊಳ್ಳುದಿಲ್ಲ.”

ತೆಗೆದರು. ಅವನು ಯಾರಿಂದಲೂ ದುಡ್ಡು ಕೇಳಿರಲಿಲ್ಲ, ಯಾರಿಗೂ ಬೈದಿರಲಿಲ್ಲ. ಒಬ್ಬರಿಗೆ ಮಾತ್ರ ಬರೆದಿದ್ದ. ಶಾಲೆಯಿರುವ ಪ್ರತಿದಿನ, ಮಧ್ಯಾಹ್ನ 12 ಗಂಟೆ 40 ನಿಮಿಷಕ್ಕೆ, ಚೂಡಾಮಣಿಗೆ.

‘ಊಟ ಆಯ್ತಾ ಚೂಡಿ?’

‘ಊಟ ಆಯ್ತಾ ಚೂಡಿ? ಇವತ್ತು ಧೂಳು ಜಾಸ್ತಿ. ಬಸ್ಸಿಂದ ಇಳಿಯೋವಾಗ ಮೂಗಿಗೆ ಸೆರಗು ಹಿಡ್ಕೋ.’

‘ಊಟ ಆಯ್ತಾ ಚೂಡಿ? ನಿನ್ನೆಯ ಹುಣಸೆಗೊಜ್ಜು ಇನ್ನೂ ನಾಲಿಗೆ ಮೇಲಿದೆ.’

ದೊರೆಸ್ವಾಮಿ ಒಂದೊಂದನ್ನೂ ಎರಡೆರಡು ಸಲ ಓದಿದ. ಮದುವೆಯಾಗಿ ಹದಿನಾರು ವರ್ಷಗಳಲ್ಲಿ ಅವನು ಹೆಂಡತಿಯನ್ನು ಚೂಡಿ ಎಂದು ಕರೆದವನಲ್ಲ. ಹೆಚ್ಚಾಗಿ ‘ಏನೇ’ ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚಾಗಿ ‘ಹೂಂ’ ಎನ್ನುತ್ತಿದ್ದ. ಮೊನ್ನೆ ಗುರುವಾರದ ಮೆಸೇಜ್ ಹೀಗಿತ್ತು: ‘ನನ್ನ ಎಡ ಮಂಡಿ ಈಗ ವಾಸಿ, ಚಿಂತೆ ಮಾಡ್ಬೇಡ. ಮಲಗೋ ಕೋಣೆ ಪರದೆಯ ಮೂರನೇ ಕೊಂಡಿ ಶುಕ್ರವಾರ ಹಾಕಿಕೊಡ್ತೀನಿ.’

ಎಡ ಮಂಡಿಯ ನೋವನ್ನು ಅವನು ಇಡೀ ಜಗತ್ತಿನಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಮೂರನೆಯ ಕೊಂಡಿ ಕಳಚಿದ್ದು ನಿಜ. ಶುಕ್ರವಾರ ಅದನ್ನು ಯಾರೂ ಹಾಕಿರಲಿಲ್ಲ.

“ಮನೆಯೊಳಗೆ ಕ್ಯಾಮೆರಾ ಇಟ್ಟಿದ್ದಾರೆ ಮಾರಾಯ್ರೆ,” ಎಂದು ಶಿಹಾಬ್ ದನಿ ತಗ್ಗಿಸಿದ.

ಅಷ್ಟರಲ್ಲಿ ನಕ್ಷೆ ವಿಭಾಗದ ಬೊನವೆಂಚರ್ ಚಹಾದ ಲೋಟ ಹಿಡಿದು ಬಂದರು. ಮಂಗಳೂರಿನವರು, ಕತಾರಿಗೆ ಬಂದು ಇಪ್ಪತ್ತೇಳು ವರ್ಷ. ಯಾರು ಏನೇ ಕೇಳಿದರೂ ಅವರ ಬಳಿ ಉತ್ತರ ಇರುತ್ತಿರಲಿಲ್ಲ, ಕತೆ ಇರುತ್ತಿತ್ತು. ಕನ್ನಡಕ ಮೇಲೆತ್ತಿ ಎಲ್ಲ ಮೆಸೇಜುಗಳನ್ನೂ ಓದಿದರು.

“ತೊಂಬತ್ತೆಂಟರಲ್ಲಿ ನಮ್ಮ ಕ್ಯಾಂಪಲ್ಲಿ ಒಬ್ಬ ಟೈಮ್‌ಕೀಪರ್ ಇದ್ದ. ಸತ್ತ. ಪೆಟ್ಟಿಗೆ ಊರಿಗೆ ಹೋಯಿತು. ಅವನ ಕಾರ್ಡು ಮಾತ್ರ ದಿನಾ ಬೆಳಿಗ್ಗೆ ಐದೂವರೆಗೆ ಸರಿಯಾಗಿ ಪಂಚ್ ಆಗ್ತಾ ಇತ್ತು. ಇಪ್ಪತ್ತೆರಡು ದಿನ.”

“ಆಮೇಲೆ?”

“ಆಮೇಲೆ ರಜೆ ಹಾಕಿದ.”

ಏಸಿಯ ಗಾಳಿ ಕಾಗದಗಳ ಅಂಚನ್ನು ಮೆಲ್ಲಗೆ ಎತ್ತಿ ಇಳಿಸುತ್ತಿತ್ತು.

“ನಾನು ಸತ್ತಿಲ್ವಲ್ಲ ಸರ್,” ಎಂದ ದೊರೆಸ್ವಾಮಿ.

“ಅದನ್ನ ನಿನ್ನ ಹೆಂಡತಿ ಹತ್ರ ಕೇಳು ಮಾರಾಯ. ಈಗಲೇ ಒಂದು ಫೋನ್ ಮಾಡು.”

“ಬೇಡ ಸರ್. ಆಫೀಸಿಂದ ನಾನು ಫೋನ್ ಮಾಡಿದ್ರೆ ಊರಲ್ಲಿ ಯಾರೋ ಹೋದ್ರು ಅಂತ್ಲೇ ತಿಳ್ಕೊಳ್ತಾಳೆ.”

ಆದರೆ ನಿಜವಾದ ಭಯ ಬೇರೆ ಇತ್ತು. ಪ್ರತಿ ಮೆಸೇಜಿನ ಕೆಳಗೂ ಚೂಡಾಮಣಿಯ ಉತ್ತರವಿತ್ತು: ‘ಆಯ್ತು ರೀ. ನೀವು ಬಿಸಿ ಇದ್ದಾಗ್ಲೇ ತಿನ್ನಿ.’ ಕೊನೆಯಲ್ಲಿ ಒಂದು ಕೆಂಪು ಹೃದಯ. ಆ ಹೃದಯಗಳನ್ನು ದೊರೆಸ್ವಾಮಿ ಎಣಿಸಿದ. ಎಣಿಸದೆ ಇರುವುದು ಅವನಿಂದಾಗದು. ಇನ್ನೂರ ಹದಿನಾರು. ಹೇಳಿದರೆ, ಅಷ್ಟೂ ಹೃದಯ ಒಬ್ಬ ಕಳ್ಳನಿಗೆ ಹೋಯಿತೆಂದು ಅವಳಿಗೆ ಗೊತ್ತಾಗುತ್ತದೆ. ಹೇಳದಿದ್ದರೆ, ಇಂದಿನಿಂದ ಹಾಗೆ ಬರೆಯುವ ಗಂಡ ಅವಳಿಗೆ ಇರುವುದಿಲ್ಲ. ಇದ್ದಕ್ಕಿದ್ದಂತೆ ಅವನಿಗೆ ಹೊಟ್ಟೆಕಿಚ್ಚಾಯಿತು. ತನ್ನ ಹೆಸರಿನವನೇ ಆದ, ತನ್ನ ಫೋಟೋ ಹೊತ್ತ ಒಬ್ಬನ ಮೇಲೆ ಹೊಟ್ಟೆಕಿಚ್ಚು ಪಡುವುದು ಹೇಗೆಂದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

12 ಗಂಟೆ 31 ನಿಮಿಷಕ್ಕೆ ಶಿಹಾಬ್, “ಯಲ್ಲಾ ಸಾರ್, ಇವತ್ತಿನದ್ದು ಬರೆಯುವ ಮೊದಲೇ ಅವನನ್ನು ಹೊರಹಾಕಿ,” ಎಂದ. ದೊರೆಸ್ವಾಮಿ ಎರಡನೆಯ ಸಾಲಿನ ಮುಂದಿದ್ದ ‘ಹೊರಹಾಕು’ ಒತ್ತಿದ. ಹದಿನಾರು ಅಕ್ಷರಗಳ ಹೊಸ ಪಾಸ್‌ವರ್ಡ್ ಹಾಕಿದ. ಇನ್ನು ಮುಂದೆ ಯಾರೇ ಒಳಬರಬೇಕಾದರೂ ತನ್ನ ಫೋನಿಗೆ ಬರುವ ಕೋಡ್ ಬೇಕು ಎಂದು ಮಾಡಿದ. ಪಟ್ಟಿಯಲ್ಲಿ ಒಂದೇ ಸಾಲು ಉಳಿಯಿತು.

12:38ಕ್ಕೆ ಮೇಜಿನ ಮೇಲಿದ್ದ ಅವನ ಫೋನು ನಡುಗಿತು. ‘ದೊರೆಸ್ವಾಮಿ, ಪಾಸ್‌ವರ್ಡ್ ಮರೆತಿರಾ? ನೀವು ಕೇಳಿದ ಕೋಡ್ ಇಲ್ಲಿದೆ.’

ಅವನು ಏನನ್ನೂ ಕೇಳಿರಲಿಲ್ಲ.

12:39ಕ್ಕೆ ಮತ್ತೊಮ್ಮೆ. ‘ಪಾಸ್‌ವರ್ಡ್ ಮರೆತಿರಾ?’ 12:40ಕ್ಕೆ ಮೂರನೆಯ ಸಲ. ಮುಚ್ಚಿದ ಬಾಗಿಲನ್ನು ಹೊರಗಿನಿಂದ ಯಾರೋ ಬೆರಳ ಗೆಣ್ಣಿನಿಂದ ತಟ್ಟಿದ ಹಾಗೆ, ಅವಸರವಿಲ್ಲದೆ, ಇದು ನನ್ನ ಮನೆಯೇ ಅಲ್ಲವೇ ಎಂಬ ಹಾಗೆ. ಮೂವರೂ ಫೋನನ್ನೇ ನೋಡುತ್ತ ನಿಂತರು. ನಾಲ್ಕನೆಯ ಸಲ ಬರಲಿಲ್ಲ.

“ಖಲಾಸ್ ಸಾರ್. ಹೋದ,” ಎಂದ ಶಿಹಾಬ್.

“ಅವನೇನೋ ಹೋದ. ಆ ಹೆಂಗಸು?” ಬೊನವೆಂಚರ್ ಗಡಿಯಾರ ತೋರಿಸಿದರು. “ದಿನಾ ಬರುವುದು ಇವತ್ತು ಬರಲಿಲ್ಲ. ಬುತ್ತಿ ಮುಂದಿಟ್ಟುಕೊಂಡು ಕಾಯ್ತಾ ಇರ್ತಾಳೆ, ಪಾಪ.”

ದೊರೆಸ್ವಾಮಿ ಕೀಬೋರ್ಡ್ ಹತ್ತಿರ ಎಳೆದುಕೊಂಡ. ಬಹಳ ಹೊತ್ತು ಯೋಚಿಸಿ ಬರೆದ: ‘ಭೋಜನ ಮುಗಿದಿರಬಹುದು. ಹೊರಗಿನ ಉಷ್ಣಾಂಶ 29.4 ಡಿಗ್ರಿ.’

“ಇದು ಹೆಂಡತಿಗಾ ಸಾರ್, ಹವಾಮಾನ ಇಲಾಖೆಗಾ?”

ಅಳಿಸಿದ. ಮೇಲೆ ಆ ಕಳ್ಳ ಬರೆದಿದ್ದನ್ನು ನೋಡಿಕೊಂಡು, ಕಾಪಿ ಹೊಡೆಯುವ ವಿದ್ಯಾರ್ಥಿಯಂತೆ ಮೊದಲ ಮೂರು ಪದ ಬರೆದ. ಮುಂದಿನದು ಮಾತ್ರ ಎಲ್ಲಿಂದ ಬಂತೋ ಅವನಿಗೇ ಗೊತ್ತಾಗಲಿಲ್ಲ. ‘ಊಟ ಆಯ್ತಾ ಚೂಡಿ? ಇವತ್ತು ನಿನ್ನ ನೆನಪಾಯ್ತು.’ 12:52ಕ್ಕೆ ಕಳಿಸಿದ. ಎದೆ ಹೊಡೆದುಕೊಳ್ಳುತ್ತಿತ್ತು. ಹೆಣ್ಣು ನೋಡಲು ಹೋದ ದಿನ ಕೂಡ ಅದು ಹೀಗೆ ಹೊಡೆದುಕೊಂಡಿರಲಿಲ್ಲ. ಅಂದು ಅವನು ಅವರ ಮನೆಯ ಗೋಡೆ ಗಡಿಯಾರ ನಾಲ್ಕು ನಿಮಿಷ ಮುಂದಿರುವುದನ್ನು ಯೋಚಿಸುತ್ತಿದ್ದ.

ಅವಳು ಓದಿದಳು ಎಂಬ ಗುರುತು ಬಂತು. ಬರೆಯುತ್ತಿದ್ದಾಳೆ ಎಂಬ ಮೂರು ಚುಕ್ಕೆಗಳು ಮೂಡಿದವು, ಅಳಿದವು, ಮತ್ತೆ ಮೂಡಿದವು. ಕೊನೆಗೆ ಉತ್ತರ ಬಂತು. ಹೃದಯವಿರಲಿಲ್ಲ.

‘ಯಾರು ನೀನು?’

ಅವನು ಏನಾದರೂ ಬರೆಯುವ ಮೊದಲೇ ಕೆಳಗೊಂದು ಬೂದು ಸಾಲು ಬಂತು: ಈ ವ್ಯಕ್ತಿಗೆ ನೀವು ಇನ್ನು ಮೆಸೇಜ್ ಕಳಿಸಲಾಗದು. 1 ಗಂಟೆ 36 ನಿಮಿಷಕ್ಕೆ ಇಡೀ ಅಕೌಂಟೇ ಮುಚ್ಚಿಕೊಂಡಿತು. ಬೇರೆ ಯಾರೋ ದೊರೆಸ್ವಾಮಿಯಂತೆ ನಟಿಸುತ್ತಿದ್ದಾರೆಂದು ಹಲವರು ದೂರು ಕೊಟ್ಟಿದ್ದರು. ಎರಡು ಗಂಟೆಗೆ ಅವನು ಆ ಮುಚ್ಚಿದ ಪುಟದ ಸ್ಕ್ರೀನ್‌ಶಾಟನ್ನೇ ಕಳಿಸಿದ. ಸುರಕ್ಷಾ ವಿಭಾಗದಿಂದ ಪ್ರಶಂಸೆ ಬಂತು: ಇಡೀ ಕಚೇರಿಯಲ್ಲಿ ಒಳಗೆ ಯಾರೂ ಇಲ್ಲದ ಅಕೌಂಟ್ ಇದೊಂದೇ.

ಸಂಜೆ ಐದೂ ಮುಕ್ಕಾಲಿಗೆ, ಕತ್ತಲಾದ ಮೇಲೆ, ಅವನು ವುಕೈರಿನ ಮನೆ ಬಾಗಿಲು ತೆರೆದಾಗ ಒಳಗೆ ಎಲ್ಲ ದೀಪಗಳೂ ಉರಿಯುತ್ತಿದ್ದವು. ಕಿಟಕಿಗಳ ಪರದೆಗಳನ್ನು ಬಟ್ಟೆಯ ಕ್ಲಿಪ್ಪು ಹಾಕಿ ಮುಚ್ಚಿತ್ತು. ಚೂಡಾಮಣಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಬಡಿಸುವವರು ಹಿಡಿಯುವ ಹಾಗೆ ಹಿಡಿದಿರಲಿಲ್ಲ.

“ಬಾಗಿಲು ಹಾಕಿ. ಎರಡೂ ಚಿಲಕ.”

“ಏನಾಯ್ತೇ?”

“ನಿಮ್ಮ ಅಕೌಂಟಲ್ಲಿ ಯಾರೋ ಸೇರ್ಕೊಂಡಿದಾರೆ ರೀ. ಇವತ್ತು ಮಧ್ಯಾಹ್ನ ನಂಗೊಂದು ಮೆಸೇಜ್ ಬಂತು, ನಿಮ್ಮ ಹೆಸರಲ್ಲಿ.”

ದೊರೆಸ್ವಾಮಿ ಮೆಲ್ಲಗೆ ಸೋಫಾದಲ್ಲಿ ಕೂತ. “ಇವತ್ತು ಮಾತ್ರವೇ?”

ಅವಳು ತಲೆ ತಗ್ಗಿಸಿದಳು. ಅವಳ ಹಿಂದೆ ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

“ದಿನಾ ಬರೋದು ನಾನೇ ಕಳ್ಸೋದು,” ಎಂದಳು. “ಸ್ಟಾಫ್ ರೂಮಲ್ಲಿ ಊಟಕ್ಕೆ ಕೂತ್ರೆ ರೋಸಿಗೆ ಅವಳ ಗಂಡ ಬರೀತಾನೆ. ಯಶ್ಮಿತಾಗೆ ಫೋಟೋ ಸಮೇತ ಬರತ್ತೆ. ನನ್ನ ಫೋನು ಇಟ್ಟಿಗೆ ಥರ ಬಿದ್ದಿರೋದು. ಎಷ್ಟು ದಿನ ಅಂತ ಇಟ್ಟಿಗೆ ನೋಡ್ಕೊಂಡು ಊಟ ಮಾಡ್ಲಿ? ಸ್ಕೂಲಿಂದ ಕೊಟ್ಟಿರೋ ಟ್ಯಾಬ್ಲೆಟ್ಟಲ್ಲಿ ನಿಮ್ಮ ಅಕೌಂಟ್ ತೆಗೆದೆ. ಪಾಸ್‌ವರ್ಡ್ ನಿಮ್ಮ ನೋಟ್‌ಬುಕ್ಕಲ್ಲೇ ಇತ್ತು, ನಂಬರ್ ಹಾಕಿ ಬರ್ದಿದ್ರಿ. ಕೈ ತೊಳೆಯೋ ನೆಪದಲ್ಲಿ ಲ್ಯಾಬಿಗೆ ಹೋಗಿ ಕಳಿಸಿ ಬಂದು ಕೂತ್ಕೋತಿದ್ದೆ. ಅಷ್ಟೇ ರೀ. ಬೇರೆ ಏನೂ ಮುಟ್ಟಿಲ್ಲ.”

“ನಿನ್ನ ಸ್ಕೂಲು ಅಲ್ ವಕ್ರಾದಲ್ಲಲ್ವೇನೆ?”

“ರಯ್ಯಾನ್ ಬ್ರಾಂಚಿಗೆ ಹಾಕಿ ಹದಿನಾಲ್ಕು ತಿಂಗಳಾಯ್ತು. ಅವತ್ತೇ ಹೇಳಿದ್ದೆ. ಹೂಂ ಅಂದ್ರಿ.”

ದೊರೆಸ್ವಾಮಿ ತನ್ನ ಎಡ ಮಂಡಿಯನ್ನು ನೋಡಿಕೊಂಡ. ಮೆಟ್ಟಿಲು ಹತ್ತುವಾಗ ಅವನು ಕಾಲೆಳೆಯುವುದನ್ನು ಒಬ್ಬಳು ದಿನವೂ ನೋಡುತ್ತಿದ್ದಳು. ಕ್ಯಾಮೆರಾ ಇದ್ದುದು ನಿಜ.

“ಇವತ್ತು ಕಳಿಸೋಕೆ ಹೋದ್ರೆ ಒಳಗೇ ಬಿಡ್ಲಿಲ್ಲ,” ಅವಳ ದನಿ ಸಣ್ಣದಾಯಿತು. “ಮೂರು ಸಲ ನೋಡ್ದೆ. ಹೋಗ್ಲಿ ಅಂತ ವಾಪಸ್ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಫೋನು ತಾನಾಗೇ ಗುಂಯ್ ಅಂತು. ನಾನು ಬರೀದೇ ಇರೋ ಮೆಸೇಜು. ನನ್ನ ನೆನಪಾಯ್ತಂತೆ. ಎದೆ ಝಲ್ ಅಂತು ರೀ. ಇದು ಅವರಲ್ಲ, ಅವರಲ್ಲ ಅಂತ ಹೇಳ್ದೆ. ಸ್ಟಾಫ್ ರೂಮಿನ ಅಷ್ಟೂ ಜನ ಕೂತು ದೂರು ಕೊಟ್ರು.”

“ಅದು ನಾನೇ ಬರೆದಿದ್ದು ಕಣೇ.”

ಅಂದು ಮೊದಲ ಸಲ ಅವಳ ಮುಖದಲ್ಲಿ ನಗು ಬಂತು. “ಸುಮ್ನಿರಿ. ನಂಗೆ ಧೈರ್ಯ ಬರ್ಲಿ ಅಂತ ಹೇಳ್ತಿದೀರಿ. ನೀವು ಹಾಗೆಲ್ಲ ಬರೆಯೋರಾ?”

ತೋರಿಸೋಣವೆಂದು ಫೋನ್ ತೆಗೆದ. ಅಕೌಂಟ್ ಮುಚ್ಚಿತ್ತು. ಜೇಬಿನ ನೋಟ್‌ಬುಕ್ಕಿನಲ್ಲಿ ಅಂದಿನ ಉಷ್ಣಾಂಶವಿತ್ತು, ಹೃದಯಗಳ ಲೆಕ್ಕವಿತ್ತು. ಆ ಒಂದು ವಾಕ್ಯವನ್ನು ಬರೆದುಕೊಳ್ಳಲು ಮರೆತಿದ್ದ. ಬೇರೆ ದಾರಿ ಕಾಣದೆ ಅವನು ತಲೆ ಎತ್ತಿ, ಅವಳ ಮುಖ ನೋಡಿ, ಹದಿನಾರು ವರ್ಷಗಳಲ್ಲಿ ಮೊದಲ ಸಲ, ಬಾಯಿ ಬಿಟ್ಟು ಕೇಳಿದ:

“ಊಟ ಆಯ್ತಾ ಚೂಡಿ?”

ಅವಳ ನಗು ಹಾಗೇ ನಿಂತಿತು. ಸೌಟು ಮೆಲ್ಲಗೆ ಮೇಲೆದ್ದಿತು. ಒಂದು ಹೆಜ್ಜೆ ಹಿಂದೆ ಸರಿದು ಅವಳು ಕೇಳಿದಳು:

“ಆ ಹೆಸರು ನಾನೇ ಇಟ್ಕೊಂಡಿದ್ದು. ನಿಮಗೆ ಯಾರು ಹೇಳಿದ್ರು?”

ಅವನು ಸೋಫಾದಿಂದ ಏಳಲಿಲ್ಲ. ಅವಳು ಬಾಗಿಲಿನಿಂದ ಈಚೆ ಬರಲಿಲ್ಲ. ಅವಳ ಹಿಂದೆ ಸಾರು ಉಕ್ಕಿ ಒಲೆ ಆರಿತು. ನಡುವಿನ ದೂರ, ಮನೆ ಹಿಡಿದ ದಿನ ಅವನೇ ಅಳೆದು ಬರೆದಿಟ್ಟಂತೆ, 3.42 ಮೀಟರ್.