ಮಸ್ಕತ್ತಿನ್ಯಾಗ ಹಿಂಗಿಲ್ಲ

ನಮ್ಮ ಸೋದರತ್ತೆ ಏಕಕಾಲಕ್ಕೆ ಎರಡು ದೇಶಗಳಲ್ಲಿ ವಾಸಿಸುತ್ತಾರೆ. ಎರಡರಲ್ಲೂ ಅವರಿಗೆ ಅನುಕೂಲವಿಲ್ಲ!

ಗಂಡ ತೀರಿಕೊಂಡ ಮೇಲೆ, ಆರು ವರ್ಷದ ಮಗಳನ್ನು ನಮ್ಮವ್ವನ ಮಡಿಲಿಗೆ ಹಾಕಿ ಅತ್ತೆ ಮಸ್ಕತ್ತಿಗೆ ಹೋದರು. ಅಲ್ಲಿ ಅರಬರ ಮನೆಯೊಂದರಲ್ಲಿ ಒಂಬತ್ತು ವರ್ಷ ಅಡುಗೆ ಮಾಡಿ, ಅವರ ಕೂಸನ್ನೂ ಸಾಕಿ, ನಾಲ್ಕು ವರ್ಷದ ಹಿಂದೆ ನಮ್ಮೂರು ಭೋಜಕ್ಕೆ ಮರಳಿದರು. ಬಂದದ್ದು ದೇಹ ಮಾತ್ರ ಎಂದು ನಮಗೆ ತಿಳಿದದ್ದು ಮರುದಿನ, ನಿಪ್ಪಾಣಿಗೆ ಹೊರಟ ಟಂಟಂ ಆಟೋದಲ್ಲಿ.

"ಬೆಲ್ಟ್ ಎಲ್ಲೈತಿ?" ಎಂದರು ಅತ್ತೆ.

ಡ್ರೈವರ್ ತನ್ನ ಸೊಂಟ ಮುಟ್ಟಿ ನೋಡಿಕೊಂಡ. "ಐತ್ರಿ ಅಕ್ಕಾರ."

"ಮಸ್ಕತ್ತಿನ್ಯಾಗ ಬೆಲ್ಟ್ ಹಾಕದ ಗಾಡಿ ಹೊಂಡಂಗಿಲ್ಲ!"

ಹದಿಮೂರು ಮಂದಿ ತುಂಬಿದ ಟಂಟಂನಲ್ಲಿ ಬೀಳಲಿಕ್ಕಾದರೂ ಜಾಗ ಬೇಡವೇ? ಅತ್ತೆ ಕೇಳಲಿಲ್ಲ. ಸೆರಗನ್ನು ಕಬ್ಬಿಣದ ಸರಳಿಗೆ ಮೂರು ಗಂಟು ಹಾಕಿ ಕಟ್ಟಿಕೊಂಡರು. ನಿಪ್ಪಾಣಿಯಲ್ಲಿ ಎಲ್ಲರೂ ಇಳಿದರು. ಅತ್ತೆಯ ಗಂಟು ಮಾತ್ರ ಬಿಚ್ಚಿಕೊಳ್ಳಲಿಲ್ಲ. ಅತ್ತೆ ಅದೇ ಗಾಡಿಯಲ್ಲಿ ಊರಿಗೆ ವಾಪಸು ಬಂದರು.

ಇನ್ನು ನೀರಿನ ವಿಷಯ. ಪಕ್ಕದ ಮನೆಯಾತ ಟ್ರ್ಯಾಕ್ಟರ್ ತೊಳೆಯುತ್ತಿದ್ದಾಗ ಅತ್ತೆ ಎದುರಿಗೆ ಹೋಗಿ ನಿಂತರು.

"ಅಲ್ಲಿ ಸಮುದ್ರದ ನೀರ ಸೋಸಿ ಕುಡೀತಾರ, ಗೊತ್ತೈತೇನು?"

"ನಮ್ಮಲ್ಲಿ ಸಮುದ್ರ ಇಲ್ಲಲ್ರಿ ಅಕ್ಕಾರ. ದೂಧಗಂಗಾ ಹೊಳಿ ಐತಿ. ಏನ ಮಾಡೂಣು?" ಎಂದು ಆತ ಬಹಳ ವಿನಯದಿಂದ ಕೇಳಿದ. ಆದರೆ ಅಂದಿನಿಂದ ಆ ಟ್ರ್ಯಾಕ್ಟರು ಹಿತ್ತಲಿನಲ್ಲಿ, ಕದ್ದ ಮಾಲಿನಂತೆ, ಸದ್ದಿಲ್ಲದೆ ಸ್ನಾನ ಮಾಡುತ್ತದೆ.

ಕರೆಂಟು ಹೋದರಂತೂ ಮುಗಿಯಿತು. "ಒಂಬತ್ತ ವರ್ಷದಾಗ ಅಲ್ಲಿ ಒಮ್ಮಿ ಕರೆಂಟ ಹೋಗಿತ್ತು. ಮೂರ ಮಿನಿಟ!"

"ಆ ಮೂರ ಮಿನಿಟ ಏನ ಮಾಡಿದ್ರಿ?" ಎಂದಳು ನಮ್ಮವ್ವ.

"ಭೋಜ ನೆನಪಾತು."

ಮಸ್ಕತ್ತಿನ ವಿಡಿಯೋ ಕರೆ ಬಂದರೆ ಅತ್ತೆ ಮಾಳಿಗೆ ಹತ್ತಿ ಮಾತಾಡುವವರು. ಹೋದ ರವಿವಾರ ಅವರ ಕೈಯೆಲ್ಲ ರೊಟ್ಟಿಯ ಹಿಟ್ಟಾಗಿತ್ತು; ಫೋನು ನಾನೇ ಒತ್ತಿದೆ. ತಲೆಗೆ ವಸ್ತ್ರ ಸುತ್ತಿದ, ಹದಿನೈದರ ಅರಬ ಹುಡುಗಿಯ ಮುಖ ಮೂಡಿತು. ಅತ್ತೆ ಸಾಕಿದ ಕೂಸು!

"ಎಲ್ಲಾರೂ ಆರಾಮ ಅದೀರಿ?" ಎಂದಿತು. ಥೇಟ್ ನಮ್ಮ ಓಣಿಯ ಕನ್ನಡ! ನಾವು ಬಾಯಿ ತೆರೆದು ಕೂತೆವು. ನಮ್ಮವ್ವನೇ ಮೊದಲು ಸುಧಾರಿಸಿಕೊಂಡು ಮಸ್ಕತ್ ಹೇಗಿದೆ ಎಂದು ವಿಚಾರಿಸಿದಳು.

"ಚಲೋ ಐತ್ರಿ. ಆದ್ರ ಇವರು ಇಲ್ಲಿದ್ದಾಗ ದಿನಾ ಬೈತಿದ್ರು. ನಮ್ಮ ಭೋಜದಾಗ ಹಿಂಗಿಲ್ಲ, ಭೋಜದಾಗ ಮೊಸರ ಕೊಯ್ದ ತಿನ್ನಬೇಕ, ಭೋಜದ ನೀರಂದ್ರ ಸಕ್ರಿ... ಕೇಳಿ ಕೇಳಿ ನಮ್ಮಪ್ಪಗ ಸಾಕಾಗಿತ್ತು!"

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತೆ ಮಾತ್ರ ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದರು.

ಅಷ್ಟರಲ್ಲಿ ಅತ್ತೆಯ ಮಗಳು ಫೋನಿನ ಮುಂದೆ ಬಂದಳು. ಈಗ ಕಾಲೇಜಿಗೆ ಹೋಗುತ್ತಾಳೆ. ಅವಳು 'ಅವ್ವ' ಎನ್ನುವುದು ನಮ್ಮವ್ವನನ್ನು. ಹೆತ್ತವಳನ್ನು ನಮ್ಮ ಹಾಗೆಯೇ 'ಅತ್ಯಾ' ಎನ್ನುತ್ತಾಳೆ.

"ನೀನ ಏನ ಆಕಿ?" ಎಂದಳು ಅರಬ ಹುಡುಗಿ. "ನನಗ ಜಡಿ ಹಾಕುವಾಗ ಇವರದು ದಿನಾ ನಿನ್ನ ಸುದ್ದಿನ. 'ಇಷ್ಟೊತ್ತಿಗೆ ಆಕಿಗೆ ಯಾರ ಜಡಿ ಹಾಕಾಕತ್ತಾರೋ' ಅಂತ ಅಳತಿದ್ರು."

ಕರೆ ಮುಗಿಯಿತು. ಅತ್ತೆ ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ಅವರು ಕೂರುವುದನ್ನೇ ಕಾಯುತ್ತಿದ್ದ ಮಗಳು ಹಣಿಗೆ ತಂದು ಅವರ ಕೈಗಿತ್ತು, ಬೆನ್ನು ತಿರುಗಿಸಿ ಕುಳಿತಳು. ಅತ್ತೆ ಬಾಚತೊಡಗಿದರು. ಸಿಕ್ಕು ಬಿಡಿಸಲು ಬರಲೊಲ್ಲದು.

"ಸಾವಕಾಶ, ಅವ್ವಾ," ಎಂದಳು ಮಗಳು. "ಜಗ್ಗಬ್ಯಾಡ."