ಓಡಿಸಿ ನೋಡಿ ಕೊಂಡ ಲೆನ್ಸು

ಮೂವತ್ತೊಂದು ಸಾವಿರದ ಐದುನೂರು ರೂಪಾಯಿ. ನೂರು ಬಿಡಲಿಲ್ಲ, ಹತ್ತು ಬಿಡಲಿಲ್ಲ, ಮೇಲೊಂದು ಕೈಚೀಲವನ್ನೂ ಕೊಡಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ದ್ರಾಕ್ಷಿ ತೋಟಗಳಿಗೆ ಬೇಕಾದ ಪೈಪು, ತಂತಿ ಮಾರುವ ಅಂಗಡಿ ಟಿಕೋಟಾದಲ್ಲಿದೆಯಲ್ಲ, ಅದು ನನ್ನದು. ಸೈಕಲ್ಲಿನ ಹಿಂದೆ ಪೈಪಿನ ಸುರುಳಿ ಕಟ್ಟಿಕೊಂಡು ಹೊನವಾಡದ ತೋಟ ತೋಟ ತಿರುಗಿ ಶುರುಮಾಡಿದವನು ನಾನು. ಹೇಳಿದ ಬೆಲೆ ಕೊಟ್ಟು ಗೊತ್ತಿಲ್ಲ. ಆಸ್ಪತ್ರೆಯ ಬಿಲ್ಲಿಗೂ ಒಂದು ಮಾತು ಕೇಳಿ ನೋಡುವ ಜಾತಿ. ಅಂಥವನು ಪೂರ್ತಿ ಬೆಲೆ ತೆತ್ತು ತಂದ ಒಂದೇ ಒಂದು ವಸ್ತು ಈ ಕ್ಯಾಮೆರಾ ಲೆನ್ಸು. ಇದಕ್ಕೆ ಅರ್ಧ ಕಾರಣ ನಮ್ಮ ಅತ್ತಿ. ಇನ್ನರ್ಧ ಒಂದು ಆಡಿನ ಮರಿ.

ಅತ್ತಿ ಎಂದರೆ ನಮ್ಮಪ್ಪನ ಅಕ್ಕ. ವಯಸ್ಸು ಅರವತ್ತಾರು. ಸಾರವಾಡದಲ್ಲಿ ಒಂದನೇ, ಎರಡನೇ ಇಯತ್ತೆಯ ಮಕ್ಕಳಿಗೆ ಕಲಿಸಿ ನಿವೃತ್ತಳಾದವಳು. ಈಗ ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ಆಕೆಯಂಥ ತಿರುವುಮುರುವು ಗಿರಾಕಿಯನ್ನು ನನ್ನ ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಕಂಡಿಲ್ಲ. ನೀವೇ ಹೇಳಿ, ಲೋಕದ ಜನ ಮೊದಲು ಕ್ಯಾಮೆರಾ ಕೊಳ್ಳುತ್ತಾರೆ, ಆಮೇಲೆ ಫೋಟೋ ತೆಗೆಯುತ್ತಾರೆ, ಫೋಟೋ ಚೆನ್ನಾಗಿ ಬಂದರೆ ಅದಕ್ಕೊಂದು ಫ್ರೇಮು ಹಾಕಿಸುತ್ತಾರೆ, ಹೌದಲ್ಲ? ಅತ್ತಿ ಮೊದಲು ಫ್ರೇಮು ತಂದಳು.

ಮೂರು ವರ್ಷದ ಹಿಂದಿನ ಮಾತು. ಮನೆಯಲ್ಲಿ ಯಾರಿಗೂ ಮಾತು ಬೇಡವಾಗಿದ್ದ ಒಂದು ಸಂಜೆ. ಒಳಗಿನಿಂದ ಢಬ್ ಢಬ್ ಎಂದು ಸದ್ದು. ಹೋಗಿ ನೋಡಿದರೆ ಅತ್ತಿ ಸ್ಟೂಲಿನ ಮೇಲೆ ನಿಂತು, ಸುತ್ತಿಗೆ ಸಿಗದೆ ಬೆಳ್ಳುಳ್ಳಿ ಜಜ್ಜುವ ಕಲ್ಲಿನಿಂದ ಹೊಸ ಗೋಡೆಗೆ ಮೊಳೆ ಹೊಡೆಯುತ್ತಿದ್ದಾಳೆ.

"ಬಣ್ಣ ಹಚ್ಚಿ ಎರಡು ತಿಂಗಳಾಗಿಲ್ಲ ಬೇ ಅತ್ತಿ, ಗ್ವಾಡಿ ಒಡೀತಿ" ಎಂದು ಬೈದೆ.

"ಮೊಳಿ ಡೊಂಕಾತು. ಇರ್ಲಿ, ಹಿಡಕೋತೈತಿ" ಎಂದಳು. ಕಾಗದದಲ್ಲಿ ಸುತ್ತಿ ತಂದಿದ್ದ ಖಾಲಿ ಫ್ರೇಮನ್ನು ಅದಕ್ಕೆ ತೂಗುಹಾಕಿ ಕೆಳಗಿಳಿದಳು.

"ಫೋಟೋ ಎಲ್ಲಿ?"

"ಬರ್ತೈತಿ. ನಿನ್ನ ಮಗಳು ಓಡೂ ಫೋಟೋ. ಅದ ಆಗಬೇಕು, ಬ್ಯಾರೆ ನಡಿಯಂಗಿಲ್ಲ."

ಅಂದಿನಿಂದ ಆ ಗಾಜು ನಮ್ಮ ಹಾಲಿನಲ್ಲಿ ಖಾಲಿಯಾಗಿ ಹೊಳೆಯುತ್ತ ನಿಂತಿತು. ಬಂದವರಿಗೆಲ್ಲ ಫಜೀತಿ. ಒಮ್ಮೆ ಟಿವಿ ಕೇಬಲ್ ಸರಿಮಾಡಲು ಬಂದವನು ಅದರ ಮುಂದೆ ಕೈಮುಗಿದು, "ಯಾವಾಗ ಹೋದ್ರು ಅಕ್ಕೋರ?" ಎಂದು ಮೆಲ್ಲಗೆ ಕೇಳಿದ. ನಮ್ಮ ಕಡೆ ಹೆಣ್ಣು ಮೇಷ್ಟರುಗಳು ಊರಿಗೆಲ್ಲ ಅಕ್ಕೋರೇ. ಅತ್ತಿ ಚಹಾ ಸೋಸುತ್ತಲೇ ಉತ್ತರ ಕೊಟ್ಟಳು: "ಹೋಗಿಲ್ಲಪಾ, ಇನ್ನೂ ಬರಾಕತ್ತಾರ."

ಅತ್ತಿಗೆ ಫೋಟೋ ಸಿಗದೆ ಇದ್ದದ್ದಲ್ಲ. ಮಗಳು ಕುಂತ ಫೋಟೋಗಳು ಮೊಬೈಲಿನಲ್ಲಿ ರಾಶಿ ರಾಶಿ ಇದ್ದವು. ಚಾಪೆಯ ಮೇಲೆ ಕುಂತದ್ದು, ಕಿಟಕಿಯ ಹತ್ತಿರ ಕುಂತದ್ದು, ಹುಟ್ಟುಹಬ್ಬದ ಕೇಕಿನ ಮುಂದೆ ಕುಂತದ್ದು, ಎಲ್ಲ ಕನ್ನಡಿಯಷ್ಟು ಸ್ವಚ್ಛ. ಅದರಲ್ಲೊಂದನ್ನು ಹಾಕಿ ಮುಗಿಸು ಎಂದರೆ ಅತ್ತಿ ತಲೆಯಾಡಿಸುತ್ತಿದ್ದಳು. "ಸುಮ್ಮನ ಕುಂತ ಕೂಸು ಅಂದ್ರ ಜ್ವರಾ ಬಂದ ಕೂಸು. ಅದರ ಫೋಟೋ ಯಾರಿಗಿ ಬೇಕು?"

ಕಡೆಗೆ ಕ್ಯಾಮೆರಾ ಬಂತು. ಜೊತೆಗೆ, ಮುಚ್ಚಿಹೋದ ಒಂದು ಸ್ಟುಡಿಯೋದವರಿಂದ ಹಳೆಯ ಲೆನ್ಸು. ಅದರ ಬಳೆಯನ್ನು ಕೈಯಿಂದ ತಿರುಗಿಸಿ ಫೋಕಸ್ ಮಾಡಬೇಕು. ಅಷ್ಟರಲ್ಲಿ ನನ್ನ ಮಗಳೂ ಐದು ತುಂಬಿ ಓಡಲು ಶುರುಮಾಡಿದ್ದಳು. ಒಮ್ಮೆ ಶುರುಮಾಡಿದ ಮೇಲೆ ನಡೆಯುವುದು ಎಂಬ ಒಂದು ವ್ಯವಸ್ಥೆ ಇದೆ ಎಂಬುದನ್ನೇ ಮರೆತಳು. ನೀರು ಕುಡಿಯಲೂ ಓಟ, ಬೈಸಿಕೊಳ್ಳಲೂ ಓಟ. ಅತ್ತಿ ಕಣ್ಣು ಕಿರಿದು ಮಾಡಿ, ಬಳೆ ತಿರುಗಿಸಿ, ಉಸಿರು ಹಿಡಿದು ಗುಂಡಿ ಒತ್ತುವ ಹೊತ್ತಿಗೆ ಹುಡುಗಿ ಮೂರನೇ ಮನೆಯ ಗೇಟು ದಾಟಿರುತ್ತಿದ್ದಳು. ಹೀಗಾಗಿ ನಮ್ಮ ಬಡಾವಣೆಯ ಗೇಟುಗಳ, ನಲ್ಲಿಗಳ, ನಿಂತ ಸ್ಕೂಟರುಗಳ ಅತ್ಯಂತ ಸ್ಪಷ್ಟ ಚಿತ್ರಗಳು ಅತ್ತಿಯ ಬಳಿ ಮುನ್ನೂರಕ್ಕೂ ಹೆಚ್ಚಿವೆ. ಪ್ರತಿಯೊಂದರ ಅಂಚಿನಲ್ಲಿ ಫ್ರಾಕಿನ ಬಣ್ಣದ ಒಂದಿಷ್ಟು ಹೊಗೆ.

"ಆಯಿ, ನಾ ಬಂದೀನೇನು?" ಎಂದು ಮಗಳು ಕ್ಯಾಮೆರಾದೊಳಗೆ ಇಣುಕುತ್ತಿದ್ದಳು. ಅತ್ತಿಯನ್ನು ಆಕೆ ಆಯಿ ಎನ್ನುತ್ತಾಳೆ.

"ಬಂದಿದ್ದಿ. ಆಮ್ಯಾಲೆ ಹೋಗೀದಿ."

ಮಕ್ಕಳ ಫೋಟೋವನ್ನು ಮಕ್ಕಳ ಎತ್ತರದಿಂದ ತೆಗೆಯಬೇಕು ಎಂಬುದು ಅತ್ತಿಯ ಇನ್ನೊಂದು ಶೋಧ. ಒಂದು ದಿನ ಟಿಕೋಟಾಕ್ಕೆ ಬಂದು, ನನ್ನ ಅಂಗಡಿಯ ಮುಂದೆ ಗಿರಾಕಿಗಳ ಮಕ್ಕಳು ಪೈಪಿನ ಸುರುಳಿಗಳ ನಡುವೆ ಓಡುತ್ತಿದ್ದಾಗ, ಇಳಕಲ್ ಸೀರೆಯಲ್ಲೇ ಬೋರಲು ಮಲಗಿಬಿಟ್ಟಳು. ನಾನು ಒಳಗೆ ತಂತಿ ತೂಗುತ್ತಿದ್ದೆ. ಹೊನವಾಡದ ರೈತನೊಬ್ಬ ಓಡಿಬಂದ. "ಸಾವ್ಕಾರ್ರ, ನಿಮ್ಮ ಅಂಗಡಿ ಮುಂದ ಯಾರೋ ಹೆಣ್ಣಮಗಳು ಬಿದ್ದಾಳ್ರಿ." ನಾನು ಹೊರಗೆ ಬರುವಷ್ಟರಲ್ಲಿ ಮತ್ತೊಬ್ಬ ಪುಣ್ಯಾತ್ಮ ಉಳ್ಳಾಗಡ್ಡಿ ಒಡೆದು ಆಕೆಯ ಮೂಗಿಗೆ ಹಿಡಿದಾಗಿತ್ತು. ಅತ್ತಿ ಕ್ಯಾಮೆರಾದಿಂದ ಕಣ್ಣು ತೆಗೆಯದೆ, "ಉಳ್ಳಾಗಡ್ಡಿ ಸರಸಪಾ, ಕಣ್ಣಾಗ ನೀರು ಬಂದು ಫೋಕಸ್ ಹೋತು" ಎಂದಳು.

ಅಂದೇ ತೀರ್ಮಾನವಾಯಿತು: ತಾನಾಗಿಯೇ, ಲಗುಲಗು ಫೋಕಸ್ ಹಿಡಿಯುವ ಲೆನ್ಸು ಬೇಕು. ಹಣ ಅತ್ತಿಯ ಪೆನ್ಶನ್ನಿನದು, ಬಾಯಿ ನನ್ನದು.

ವಿಜಯಪುರದ ಕ್ಯಾಮೆರಾ ಅಂಗಡಿಗೆ ಮೊದಲ ಸಲ ಮಗಳನ್ನೇ ಕರೆದೊಯ್ದೆವು. ಎತ್ತು ಕೊಳ್ಳುವವರು ಅದನ್ನು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಲೆನ್ಸನ್ನೂ ಓಡುವ ಹುಡುಗಿಯ ಮೇಲೆ ಹೂಡಿ ನೋಡಿಯೇ ಕೊಳ್ಳಬೇಕು ಎಂಬುದು ಅತ್ತಿಯ ವಾದ. ಅಂಗಡಿಯವನು ಒಳ್ಳೆಯ ಮನುಷ್ಯ. ಹುಡುಗಿಗೆ ಒಂದು ಚಾಕಲೇಟು ಕೊಟ್ಟ. ಮುಗಿಯಿತು. ವರ್ಷದಲ್ಲಿ ಮೊದಲ ಬಾರಿಗೆ ನನ್ನ ಮಗಳು ಕುರ್ಚಿಯಲ್ಲಿ ಮುಕ್ಕಾಲು ತಾಸು ಅಲುಗಾಡದೆ ಕುಂತಳು.

"ಎಷ್ಟ ಶಾಣ್ಯಾ ಕೂಸು" ಎಂದು ಅವನು ಹೊಗಳಿದ.

"ಪರೀಕ್ಷಾ ಕೆಡಸಿದ್ರಿ" ಎಂದು ಅತ್ತಿ ಎದ್ದಳು.

ಎರಡನೇ ಸಲ ನಾನೊಬ್ಬನೇ ಮುಂಚೆ ಹೋದೆ. ಅತ್ತಿ ಜೊತೆಗಿದ್ದರೆ ಚೌಕಾಶಿ ಆಗುವುದಿಲ್ಲ. ವಸ್ತು ಕಂಡ ಕೂಡಲೇ "ಭಾಳ ಛಲೋ ಐತಿ" ಎಂದುಬಿಡುತ್ತಾಳೆ. ಅಂಗಡಿಯವನು ಗಾಜಿನ ಮೇಲೆ ಎರಡು ಲೆನ್ಸು ಇಟ್ಟ. ಎರಡೂ ಮುಖದ ಫೋಟೋಗೆಂದೇ ಮಾಡಿದ್ದು, ಎರಡರ ಮೇಲೂ ಎಂಬತ್ತೈದು ಮಿಲಿಮೀಟರ್ ಎಂದೇ ಬರೆದಿತ್ತು. ಒಂದು ತಂಬಿಗೆಯಷ್ಟು ದಪ್ಪ, ಒಬ್ಬರು ಬಳಸಿ ಬಿಟ್ಟದ್ದಾದರೂ ಎಪ್ಪತ್ತೆರಡು ಸಾವಿರ. ಇನ್ನೊಂದು ಹೊಸದು, ಚಹಾದ ಕಪ್ಪಿನಷ್ಟು, ಮೂವತ್ತೊಂದೂವರೆ. ನನ್ನ ಕೈಗೆ ತೂಕ ಗೊತ್ತು. ದಪ್ಪನೆಯದನ್ನೇ ಹಿಡಿದೆ. ಎರಡು ಸಲ ಚಹಾ ಬಂತು. ಮೂರು ಸಲ ಎದ್ದು ಹೋದೆ, ಒಂದು ಸಲ ಚಪ್ಪಲಿಯನ್ನೂ ಹಾಕಿಕೊಂಡೆ. ಎಪ್ಪತ್ತೆರಡು ಅರವತ್ತೊಂದಕ್ಕೆ ಇಳಿಯಿತು. ಅದೇ ಭರದಲ್ಲಿ ಸಣ್ಣದರ ಮೇಲೂ ಎರಡು ಸಾವಿರ ಬಿಡಿಸಿ, ಎರಡರ ಬೆಲೆಯನ್ನೂ ಒಂದೇ ಚೀಟಿಯಲ್ಲಿ ಬರೆಸಿ ಅಂಗಿಯ ಕಿಸೆಗೆ ಇಳಿಸಿದೆ. ಜೀವನ ಸಾರ್ಥಕ ಎನಿಸಿತು.

ಆ ಹೊತ್ತಿಗೆ ಅತ್ತಿ ಸಾರವಾಡದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಕಂಕುಳಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನಿಂದ ಎರಡು ದಿನಕ್ಕೆಂದು ಕೇಳಿ ತಂದ ಆಡಿನ ಮರಿ. ಚಾಕಲೇಟಿಗೆ ಸುಮ್ಮನಾಗದ ಮಗು ಅದೊಂದೇ ಎಂದು ಆಕೆಯ ಲೆಕ್ಕಾಚಾರ. ಬಸ್ಸಿನಲ್ಲಿ ನಡೆದದ್ದನ್ನು ಆಮೇಲೆ ಆಕೆಯೇ ಹೇಳಿದಳು.

"ಅಕ್ಕೋರ, ಆಡಿಗಿ ಟಿಕೆಟ್ ಆಗ್ತೈತ್ರಿ" ಎಂದನಂತೆ ಕಂಡಕ್ಟರು.

"ಹೆಣ್ಣ ಐತಪಾ ಇದು. ಹೆಣ್ಣಮಕ್ಕಳಿಗಿ ಫ್ರೀ ಅಲ್ಲೇನು?"

"ಫ್ರೀ ಐತ್ರಿ. ಆಧಾರ್ ಕಾರ್ಡ್ ತೋರಸಾಕ ಹೇಳ್ರಿ."

ಅತ್ತಿ ಸೋತಳು. ನಮ್ಮ ಮನೆಯ ಹೆಣ್ಣುಮಕ್ಕಳೆಲ್ಲ ಬಿಟ್ಟಿ ಓಡಾಡುವ ಈ ಕಾಲದಲ್ಲಿ ದುಡ್ಡು ಕೊಟ್ಟು ಬಸ್ಸು ಹತ್ತಿದ್ದು ಆ ಮರಿ ಒಂದೇ.

ಅಂಗಡಿಯ ಪಕ್ಕದ ಓಣಿಯಲ್ಲಿ ಪರೀಕ್ಷೆ ಶುರುವಾಯಿತು. ಮರಿಯನ್ನು ಬಿಡುವುದು, ಹಿಡಿದು ತರುವುದು ನನ್ನ ಕೆಲಸ. ನಲವತ್ತೈದು ವರ್ಷದ, ಹೊಟ್ಟೆ ಬಂದ ವ್ಯಾಪಾರಿಯೊಬ್ಬ ಆಡಿನ ಹಿಂದೆ ಇಪ್ಪತ್ತು ಸಲ ಓಡುವುದನ್ನು ನೋಡಲು ಜನ ಸೇರಿದರು. ದಪ್ಪ ಲೆನ್ಸು ಗುಂಯ್ ಎಂದು ಹಿಂದೆ ಹೋಗಿ, ಗುಂಯ್ ಎಂದು ಮುಂದೆ ಬಂದು, ಯೋಚನೆ ಮಾಡಿ ಫೋಕಸ್ ಹಿಡಿಯುತ್ತಿತ್ತು. ಅದರೊಳಗಿನ ಗಾಜು ಭಾರ. ಅದನ್ನು ದೂಡಲು ಮೋಟಾರಿಗೆ ಹೊತ್ತು ಬೇಕು. ಮದುಮಗಳು ತಲೆತಗ್ಗಿಸಿ ಕುಂತಿದ್ದರೆ ಅದಕ್ಕಿಂತ ಒಳ್ಳೆಯ ಲೆನ್ಸಿಲ್ಲ ಎಂದು ಅಂಗಡಿಯವನೇ ಒಪ್ಪಿಕೊಂಡ. ಸಣ್ಣದು ಸದ್ದೇ ಇಲ್ಲದೆ ಮರಿಯ ಕಣ್ಣಿಗೆ ಅಂಟಿಕೊಂಡು ಜೊತೆಗೇ ಓಡುತ್ತಿತ್ತು.

ಅತ್ತಿ ಎಲ್ಲ ಚಿತ್ರಗಳನ್ನೂ ಒಂದೊಂದಾಗಿ ನೋಡಿ, ಮೂವತ್ತು ವರ್ಷದ ರೂಢಿಯಂತೆ ಅಂಕ ಹಾಕಿದಳು. "ದೊಡ್ಡವಂಗ ಹತ್ತಕ್ಕ ಎರಡು. ಫೇಲು. ಸಣ್ಣವಂಗ ಹತ್ತಕ್ಕ ಎಂಟು. ಇದ ನಮಗ ಇರ್ಲಿ."

ಹನ್ನೊಂದು ಸಾವಿರ ಬಿಡಿಸಿದ ನನ್ನ ಸಾಹಸ ಓಣಿಯ ಧೂಳಿನಲ್ಲಿ ಬಿತ್ತು. ಆದರೂ ಸಣ್ಣದರ ಮೇಲಿನ ಎರಡು ಸಾವಿರ ಇದೆಯಲ್ಲ? ಚೀಟಿಗೆ ಕೈಹಾಕಿದೆ. ಕಿಸೆ ಒದ್ದೆಯಾಗಿತ್ತು. ತೋಳಿನಲ್ಲಿದ್ದ ಮರಿ ಬಲು ನೆಮ್ಮದಿಯಿಂದ ಏನನ್ನೋ ಮೆಲ್ಲುತ್ತಿತ್ತು.

ದೊಡ್ಡ ವ್ಯಾಪಾರ ತಪ್ಪಿದ ಅಂಗಡಿಯವನು ಕೈಕಟ್ಟಿ ನಿಂತಿದ್ದ. "ಚೀಟಿ ತೋರಸ್ರಿ ಸಾವ್ಕಾರ್ರ, ಕೊಟ್ಟಬಿಡ್ತೀನಿ."

"ಆಡು ತಿಂದೈತ್ರಿ."

"ಹಂಗಾರ ಎಷ್ಟ ಬರದಿದ್ದೆ ಅಂತ ಅದನ್ನ ಕೇಳ್ರಿ."

ನಾನು ನಾಲ್ಕನೇ ಸಲ ಹೊರಟುಹೋಗಬೇಕೆಂದಿದ್ದೆ. ಅಷ್ಟರಲ್ಲಿ ಅತ್ತಿ ಲೆನ್ಸನ್ನು ಎದೆಗವಚಿಕೊಂಡು, "ಭಾಳ ಛಲೋ ಐತ್ರಿ" ಎಂದುಬಿಟ್ಟಳು. ಮೂವತ್ತೊಂದು ಸಾವಿರದ ಐದುನೂರು.

ಮರುದಿನ ಬೆಳಿಗ್ಗೆ ಮರಿಯನ್ನು ಸಾರವಾಡಕ್ಕೆ ಮುಟ್ಟಿಸಬೇಕಿತ್ತು. ಅದಕ್ಕೂ ಮೊದಲೇ ಮಗಳು ಹಗ್ಗ ಬಿಚ್ಚಿದಳು. ಮನೆಯ ಮುಂದಿನ ಖಾಲಿ ಪ್ಲಾಟುಗಳಲ್ಲಿ ಮುಂದೆ ಮರಿ, ಹಿಂದೆ ಹುಡುಗಿ. ಅತ್ತಿ ಎಂದಿನಂತೆ ನೆಲಕ್ಕೆ ಬಿದ್ದಳು. ಈ ಸಲ ಯಾರೂ ಉಳ್ಳಾಗಡ್ಡಿ ತರಲಿಲ್ಲ.

ಫೋಟೋ ಮುದ್ರಿಸಿ ತಂದೆ. ಅದರಲ್ಲಿ ಹುಡುಗಿಯ ಎರಡೂ ಪಾದ ನೆಲ ಬಿಟ್ಟಿವೆ. ಒಂದು ಚಪ್ಪಲಿ ಕಾಲು ಬಿಟ್ಟು ಗಾಳಿಯಲ್ಲಿದೆ. ರೆಪ್ಪೆಯ ಕೂದಲು ಎಣಿಸಬಹುದು. ಮೂಲೆಯಲ್ಲಿ ಒಂದು ಬಾಲ.

ಫೋಟೋ ಹಾಕಲು ಫ್ರೇಮನ್ನು ಗೋಡೆಯಿಂದ ಇಳಿಸಿದೆ. ಡೊಂಕು ಮೊಳೆ ಕಂಡಿತು. ಅದನ್ನು ಹೊಡೆದ ಸಂಜೆ ನೆನಪಾಗಿ ಸ್ಟೂಲಿನ ಮೇಲೆಯೇ ನಿಂತುಬಿಟ್ಟೆ. ಅಂದು ನಾವು ಮಿರಜಿನ ಆಸ್ಪತ್ರೆಯಿಂದ ಬಂದಿದ್ದೆವು. ಮಗಳಿಗೆ ಮೂರು ವರ್ಷ. ಗೋಡೆ ಹಿಡಿದೂ ಎದ್ದು ನಿಲ್ಲುತ್ತಿರಲಿಲ್ಲ. ಡಾಕ್ಟರು ಕಾಲು ಮಡಿಸಿ, ಬಿಡಿಸಿ ನೋಡಿ, ವ್ಯಾಯಾಮ ಬರೆದುಕೊಟ್ಟು, "ನಡೀಬಹುದು, ತಡಾ ಆಗ್ತೈತಿ. ಓಡೂದು ಈಗ ಹೇಳಾಕ ಬರಂಗಿಲ್ಲ" ಎಂದಿದ್ದರು. ಬಸ್ಸಿಗೆ ಕಾಯುವಾಗ ಅತ್ತಿ ಚಹಾ ಕುಡಿದು ಬರುತ್ತೇನೆಂದು ಹೋಗಿ, ಕಾಗದದಲ್ಲಿ ಸುತ್ತಿದ ಏನನ್ನೋ ಹಿಡಿದು ಬಂದಿದ್ದಳು. ಮನೆಗೆ ಬಂದ ಮೇಲೆ ನಾನು ಮೊದಲು ಬಾಯಿ ತೆರೆದದ್ದೇ ಗೋಡೆ ಒಡೆಯುತ್ತದೆ ಎಂದು ಬೈಯಲು.

"ಅತ್ತಿ, ಅವತ್ತ ಆಕಿ ನಿಂದ್ರತಿದ್ದಿಲ್ಲಲ್ಲ ಬೇ. ಓಡೂ ಫೋಟೋಕ್ಕ ಫ್ರೇಮ್ ಹ್ಯಾಂಗ ತಂದಿ?"

ಅತ್ತಿ ಗಾಜನ್ನು ಸೆರಗಿನಿಂದ ಒರೆಸುತ್ತಿದ್ದಳು. "ಸಾಲ್ಯಾಗ ಹಾಜರಿ ಪುಸ್ತಕದಾಗ ನಾವು ಹೆಸರು ಮೊದಲ ಬರದಿಟ್ಟಿರತೀವೋ ತಮ್ಮಾ. ಹುಡುಗೂರು ಆಮ್ಯಾಲೆ ಬರತಾವ."

ನೀವೂ ಲೆನ್ಸು ಕೊಳ್ಳುವವರಿದ್ದರೆ ನನ್ನ ಮಾತು ಕೇಳಿ. ದಪ್ಪ ನೋಡಿ ಮರುಳಾಗಬೇಡಿ, ಓಡಿಸಿ ನೋಡಿ. ಮಗುವಿನ ಕಣ್ಣಿಗೆ ಫೋಕಸ್ ಇರಲಿ, ಬೆಳಿಗ್ಗೆಯ ಬಿಸಿಲಿರಲಿ, ನಿಮ್ಮ ಮೊಣಕಾಲು ನೆಲದಲ್ಲಿರಲಿ. ಯಾವುದು ಬೇಕೆಂದು ಗೊತ್ತಾದ ಮೇಲೆ ಚೌಕಾಶಿಗೆ ಇಳಿಯಿರಿ, ಚೀಟಿ ಬರೆಸಿದರೆ ಒಳಕಿಸೆಯಲ್ಲಿಡಿ. ಮತ್ತೆ, ಮನೆಯಲ್ಲಿ ಯಾರಿಗೂ ಮಾತು ಬೇಡವಾದ ಸಂಜೆ ಯಾರೋ ಗೋಡೆಗೆ ಮೊಳೆ ಹೊಡೆಯುವ ಸದ್ದು ಕೇಳಿದರೆ, ಬೈಯಬೇಡಿ. ಸುತ್ತಿಗೆ ಹುಡುಕಿ ಕೊಡಿ.